ಮೂಗಿನವನು, ಕಣ್ಣಿನವಳು

ಫ್ರಿಜ್ಜಿನ ಬಾಗಿಲಿಗೆ ಗಾರ್ತ್ ಒಂದು ಹಾಳೆ ಅಂಟಿಸಿದ್ದ,
ನಡುವೆ ಗೀಟು ಹಾಕಿ.
ಎಡಕ್ಕೆ ಬೀಗಲ್, ಬಲಕ್ಕೆ ವಿಪೆಟ್.
ನನ್ನನ್ನು ಮದುವೆಯಾಗುವ ಮುಂಚೆಯೂ
ಹೀಗೇ ಗೀಟು ಹಾಕಿದ್ದನೋ ಏನೋ,
ಕೇಳುವ ಧೈರ್ಯ ಇನ್ನೂ ಬಂದಿಲ್ಲ.

ಬೀಗಲ್: ಊಳಿಡುತ್ತದೆ. ನಮ್ಮದೋ ತೆಳು ಗೋಡೆ,
ಪಕ್ಕದ ಮಿಸೆಸ್ ಪ್ರೌಡ್‌ಲಾಕ್ ಸೀನಿದರೆ
ಇಲ್ಲಿಂದಲೇ ದೇವರು ಹರಸಲಿ ಅನ್ನುತ್ತೇವೆ.
ಕದಿಯುತ್ತದೆ. ಕರೆದರೆ ಬರುವುದಿಲ್ಲ.
ಮೂಗು ಹೋದ ಕಡೆ ಮೈ,
ಮೈ ಹೋದ ಕಡೆ ಹಗ್ಗ ಹಿಡಿದ ನಾವು, ದಿನಕ್ಕೆರಡು ಗಂಟೆ.

ವಿಪೆಟ್: ಒಂದು ನಿಮಿಷ ಬಿರುಗಾಳಿ,
ಮಿಕ್ಕ ದಿನವೆಲ್ಲ ಸೋಫಾ.
ಈರುಳ್ಳಿ ಸಿಪ್ಪೆಯಂಥ ಚರ್ಮ,
ಮುಳ್ಳುತಂತಿ ಸವರಿದರೂ ಹೊಲಿಗೆ.
ಚಳಿಗೆ ಅಂಗಿ ಬೇಕು.
ಡರಮ್ ಕಡಲಗಾಳಿಯಲ್ಲಿ ಯಾರಿಗೆ ಬೇಡ?

ಹಾಳೆಯ ಬುಡದಲ್ಲಿ ಈಡಿ, ಏಳು ವರ್ಷ,
ಕ್ರೇಯಾನಿನಲ್ಲಿ ಬರೆದಿದ್ದಳು: ಕಿವಿ.
ಎಡಗಡೆಗೆ ಎರಡು ಅಂಕ, ಕಿವಿಗೊಂದರಂತೆ.

ಮಾವ ಮಾತಾಡಲಿಲ್ಲ.
ಮೂಗಿಗೆ ಆಕ್ಸಿಜನ್ ಕೊಳವೆ. ಕಿಟಕಿಯಾಚೆ
ತಾವು ಅಗೆದು ಹಾಕಿದ ಗಣಿಮಣ್ಣಿನ ಗುಡ್ಡದ ಮೇಲೆ
ಯಾರದೋ ಕುರಿ ಮೇಯುವುದನ್ನು ನೋಡುತ್ತ ಕೂತಿದ್ದರು.
ಅವರ ಕಾಲದಲ್ಲಿ ಗಣಿಯವರಿಗೆಲ್ಲ ವಿಪೆಟ್ಟೇ.
ಭಾನುವಾರ ಓಣಿಯ ಈ ತುದಿಯಲ್ಲಿ ಹಳೇ ಬಟ್ಟೆ ಬೀಸಿದರೆ
ಆ ತುದಿಯಿಂದ ಬಾಣ.
ಅದಕ್ಕೇ ಗಾರ್ತನ ಪೆನ್ಸಿಲ್ಲು ಬಲಕ್ಕೆ ವಾಲುತ್ತಿತ್ತು,
ಅಪ್ಪನಿಗಾಗಿ. ಬಾಯಿಬಿಟ್ಟು ಹೇಳಲಿಲ್ಲ.

ಶನಿವಾರ ಮಿಲ್ಬರ್ನ್ ಬಾಯಿ ಎರಡನ್ನೂ ಕರೆತಂದಳು.
"ಒಂದು ಗಂಟೆ ಇಟ್ಟುಕೊಂಡು ನೋಡಿ,
ಕೋಟು ಕೊಳ್ಳುವಾಗ ತೊಟ್ಟು ನೋಡುತ್ತೀರಲ್ಲ."

ಬೀಗಲ್ ಮನೆಯನ್ನು ಓದತೊಡಗಿತು,
ಮೊದಲ ಪುಟದಿಂದಲ್ಲ, ಕಸದ ಬುಟ್ಟಿಯಿಂದ.
ರೋವನ್‌ನ ಫುಟ್‌ಬಾಲ್ ಬೂಟು. ಸೋಫಾದಡಿಯ ಧೂಳು.
ಮೆಟ್ಟಿಲಡಿಯ ಕತ್ತಲೆ. ಅಲ್ಲಿ ಗೂಟಕ್ಕೆ ಅತ್ತೆಯ ಕೋಟು,
ನಾಲ್ಕು ವರ್ಷದಿಂದ ಯಾರೂ ಮುಟ್ಟದ್ದು,
ಯಾರೂ ತೆಗೆಯದ್ದು.
ಕೆಳಜೇಬಿಗೆ ಮೂತಿ ತೂರಿಸಿ ಎಳೆಯಿತು:
ಕಾಗದಕ್ಕೆ ಅಂಟಿಹೋದ ಪೆಪ್ಪರ್‌ಮಿಂಟು.
ಚರ್ಚಿನಲ್ಲಿ ಪಾದ್ರಿಯ ಮಾತು ಉದ್ದವಾದಾಗ
ಅತ್ತೆ ಸದ್ದಿಲ್ಲದೆ ಬಿಚ್ಚುತ್ತಿದ್ದರಲ್ಲ, ಅದು.
ನಗಬೇಕೋ ಅಳಬೇಕೋ ತಿಳಿಯುವಷ್ಟರಲ್ಲಿ
ಕಾಗದ ಸಮೇತ ಹೊಟ್ಟೆಗೆ.

ವಿಪೆಟ್ ಹೆಣ್ಣು, ಬೂದಿ ಬಣ್ಣ.
ಬಾಗಿಲಲ್ಲೇ ನಿಂತು ನಡುಗಿ, ಆಮೇಲೆ
ಯಾರನ್ನೂ ಕೇಳದೆ ಮಾವನ ಮೊಣಕಾಲಿಗೆ ಗದ್ದ ಊರಿತು.
ನೋಡಿದೆಯಾ ಎಂಬಂತೆ ಗಾರ್ತ್ ನನ್ನ ಕಡೆ ತಿರುಗಿದ.
ಮಾವನ ಕೈ ಅದರ ಬೆನ್ನ ಮೇಲೆ ನಡೆಯಿತು,
ಎಲುಬೆಲುಬಾಗಿ,
ದೀಪ ಆರಿದ ಸುರಂಗದಲ್ಲಿ ಗೋಡೆ ತಡವಿದ ಹಾಗೆ.
"ಬೀಗಲ್ ಇಟ್ಟುಕೊಳ್ಳಿ," ಅಂದರು.

"ಅಪ್ಪಾ, ನಿನಗೆ..."
"ಮುಷ್ಕರದ ಚಳಿಗಾಲ ಮಾರಿದೆ ಒಬ್ಬಳನ್ನು.
ಹದಿನೈದು ಪೌಂಡು. ನಿನ್ನ ಶೂ ಬಂತು.
ವ್ಯಾನಿನ ಹಿಂಗಾಜಿನಿಂದ ನೋಡುತ್ತಲೇ ಇದ್ದಳು
ತಿರುವಿನ ತನಕ.
ಇವು ನೋಡುವ ಜಾತಿ ಕಣೋ.
ಅದಾದರೆ ಮೂಸುತ್ತೆ, ಮರೆತುಬಿಡುತ್ತೆ."
ಅಷ್ಟು ಹೇಳಲು ಕೊಳವೆಯಿಂದ
ಮೂರು ಸಲ ಉಸಿರು ಸಾಲ ತಂದರು.
ನಲವತ್ತೈದರ ಗಾರ್ತ್ ತನ್ನ ಕಾಲು ನೋಡಿಕೊಂಡ.

ಹೀಗೆ ಬಂದವನು ಡಂಪ್ಲಿಂಗ್. ಹೆಸರು ಈಡಿ ಇಟ್ಟದ್ದು.
ಬೆಣ್ಣೆ ಕದ್ದ, ಒಂದಿಡೀ ಸೋಪು ತಿಂದು ನೊರೆ ಕಾರಿದ.
ಪ್ರೌಡ್‌ಲಾಕ್ ಗೋಡೆ ಗುದ್ದಿದರೆ
ಬಾಗಿಲು ಬಡಿದರೆಂದು ಓಡುತ್ತಾನೆ.
ಬೂದಿಯವಳು ಸಂಡರ್‌ಲೆಂಡಿನ ಯಾವುದೋ ಟೀಚರ್ ಮನೆಗೆ ಹೋದಳು.
ಒಮ್ಮೆ ಕಡಲ ದಂಡೆಯಲ್ಲಿ ದೂರದಿಂದ ಕಂಡಳು,
ಗಾಳಿಗೆ ಬೆನ್ನುಮೂಳೆ ಬಂದಂತೆ.
ಮಾವ ಕಾರಿನ ಗಾಜು ತೋಳಿನಿಂದ ಒರೆಸಿದರು.
ಅವಳೇ ಹೌದೋ ಅಲ್ಲವೋ.

ಮರೆತುಬಿಡುತ್ತೆ ಅಂದದ್ದು ಮಾತ್ರ ಸುಳ್ಳು.
ದಿನಾ ಸಂಜೆ ಡಂಪ್ಲಿಂಗ್ ಮೆಟ್ಟಿಲಡಿಗೆ ಹೋಗಿ
ಅದೇ ಜೇಬನ್ನು ವಿಚಾರಿಸುತ್ತಾನೆ.
ಯಾರೋ ಅದರಲ್ಲಿ ಬಿಸ್ಕತ್ತು ಇಡುತ್ತಿದ್ದಾರೆ.
ಮಕ್ಕಳಲ್ಲ. ಗಾರ್ತ್ ಅಲ್ಲ.
ಕೊಳವೆಯ ಉದ್ದ ಅಲ್ಲಿಯವರೆಗೆ ಸಾಲುತ್ತದೆ,
ನಾನು ಅಳೆದು ನೋಡಿದ್ದೇನೆ.