ಚೀಟಿಯಿಲ್ಲದ ವರ್ಷಗಳು

ನಾಣ್ಯಕ್ಕಿಂತ ಅದರ ಜೊತೆ ಬಂದ ಚೀಟಿಗಳೇ ದಪ್ಪ.

ಸಾವಿರದ ಐನೂರ ಎಪ್ಪತ್ತಮೂರರ ಆರು ಪೆನ್ನಿ.
ಎ ಗ್ರೇಡಿನ ಹದಿನೆಂಟು ಬೀಜದ ತೂಕ.
ಕ್ಯೂರಿಂಗ್ ವರ್ಕ್ಸಿನ ಸ್ಯಾಂಪಲ್ ತಕ್ಕಡಿಯಲ್ಲೇ ನೋಡಿದ್ದೇನೆ,
ಮ್ಯಾನೇಜರು ಊಟಕ್ಕೆ ಹೋದಾಗ.

ಮೊದಲ ಚೀಟಿ ಕಂದು ಶಾಯಿ, ನಾರ್ವಿಚ್ಚಿನ ಒಬ್ಬ ಪಾದ್ರಿ.
ಎರಡನೆಯದು ಹರಾಜಿನದು, ಬರೀ ನಂಬರು: ನೂರ ಹದಿನಾಲ್ಕು.
ಆಮೇಲೆ ಕ್ರಾಲಿ ದೊರೆ, ಬಿಳಿಗಲ್ಲು ಎಸ್ಟೇಟು, ೧೮೮೯,
'ಚಿಕ್ಕಮ್ಮ ಕೊಟ್ಟದ್ದು' ಅಂತ ವಾಲಿದ ಅಕ್ಷರ.
ಕೊನೆಯದು ಟೈಪು ಹೊಡೆದದ್ದು, ಬೊಂಬಾಯಿಯ ಸೊರಾಬ್‌ಜಿ, ೧೯೩೪:
'ತೂತು ಕೊರೆದು ಮುಚ್ಚಿದ್ದಾರೆ. ಅರ್ಧ ಬೆಲೆ.'

ನಡುವಿನ ನಲವತ್ತೈದು ವರ್ಷಕ್ಕೆ
ಚೀಟಿಯಿಲ್ಲ.

ಮಾರ್ಕೆಟ್ ರಸ್ತೆಯ ಕಾಳಪ್ಪಾಚಾರ್ ಬೆಳಕಿಗೆ ಹಿಡಿದರು,
ನಾನು ಬೇಡ ಅನ್ನುವಷ್ಟರಲ್ಲಿ ನಾಲಿಗೆಗೂ ಮುಟ್ಟಿಸಿದರು.
'ಬೆಸುಗೆ ನಮ್ಮ ಮುತ್ತಜ್ಜಂದು.'
ಹೇಗೆ ಗೊತ್ತು?
'ನಿಮಗೆ ಬೀಜ ಹೇಗೆ ಗೊತ್ತೋ ಹಾಗೆ.'

ಅಟ್ಟದಿಂದ ಇಳಿದ ಕಿರ್ದಿ, ಇಲಿ ತಿಂದ ಅಂಚು:
ಬಿಳಿಗಲ್ಲು ಲಿಂಗಿ. ಮಗೀನ ಕೊರಳ ಅಮ್ಮನ ಬಿಲ್ಲೆ.
ಕೊಂಡಿ ತೆಗೆದು ತೂತು ಮುಚ್ಚಿದ್ದು. ಎರಡಾಣೆ. ಬಾಕಿ.

ಅಮ್ಮನ ಬಿಲ್ಲೆ!
ಭೂತಗನ್ನಡಿ ಹಿಡಿದು ಮತ್ತೆ ನೋಡಿದೆ.
ರಾಣಿಯ ತಲೆಯ ಹಿಂದೆ ಒಂದು ಗುಲಾಬಿ.
ಇದು ಆರು ಪೆನ್ನಿ, ನಾಲ್ಕಲ್ಲ ಎಂದು ತಿಳಿಯಲು ಹಾಕಿದ ಗುರುತು
ಅಂತ ಕ್ಯಾಟಲಾಗು.
ಲಿಂಗಿಗೆ ಅದು ಮುಡಿದ ಹೂವು.
ಹೂ ಮುಡಿದು ಕಿರೀಟ ಇಟ್ಟವಳು ಇನ್ನಾರು ಇರಲು ಸಾಧ್ಯ,
ಕೂಲಿ ಲೈನಿನಲ್ಲಿ ಮನೆಮನೆಗೂ ಅಮ್ಮ ಎದ್ದ ವರ್ಷ?

(ಆ ರಾಣಿಗೂ ಒಮ್ಮೆ ಸಿಡುಬು ಎದ್ದಿತ್ತಂತೆ. ಬದುಕಿದಳಂತೆ.
ಲಿಂಗಿಗೆ ಯಾರು ಹೇಳಿರುತ್ತಾರೆ.)

ದೊರೆಯೇ ಕೊಟ್ಟನೋ, ಮೇಜು ಒರೆಸುವಾಗ ಅವಳ ಸೆರಗಿಗೆ ಬಂತೋ.
ತೂತು ಮುಚ್ಚಿದ್ದು ಯಾರ ಕಣ್ಣು ತಪ್ಪಿಸಿ ವಾಪಸಿಡಲು?
ಮಗು ದೊಡ್ಡದಾಗಿತ್ತೇ,
ಅಥವಾ

ಕಿರ್ದಿಯಲ್ಲಿ ಅದಿಲ್ಲ.

ಲಂಡನ್ನಿನ ವ್ಯಾಪಾರಿ ಬರೆದಿದ್ದಾನೆ,
ಒಡೆತನದ ಸರಣಿ ಕಡಿಯದಿದ್ದರೆ ಬೆಲೆ ಏರುತ್ತದೆ ಎಂದು.
ಸ್ಯಾಂಪಲ್ ಲೇಬಲ್ಲಿನ ಹಿಂದೆ ನಾನೊಂದು ಚೀಟಿ ಬರೆದೆ:
ಲಿಂಗಿ, ಬಿಳಿಗಲ್ಲು. ಇಸವಿ ಗೊತ್ತಿಲ್ಲ.
ದೊರೆಗೂ ಸೊರಾಬ್‌ಜಿಗೂ ನಡುವೆ ಇಟ್ಟೆ.

'ಆ ಎರಡಾಣೆ ನಾನು ಕೊಡ್ಲಾ?' ಅಂದೆ.
ಕಾಳಪ್ಪಾಚಾರ್ ಪುಟ ತಿರುವಿ ತೋರಿಸಿದರು.
'ಕೊಟ್ಟೋರದ್ದೆಲ್ಲ ನೋಡಿ, ಹೆಂಗೆ ಹೊಡೆದು ಹಾಕಿದಾನೆ ಮುತ್ತಜ್ಜ.'
ಸಾಲುಸಾಲಾಗಿ ದಪ್ಪ ಮಸಿ.
ಒಂದು ಹೆಸರೂ ಓದಲಾಗಲಿಲ್ಲ.