ಮೂರು, ಎಂಟಲ್ಲ

ಮೊದಲ ಮೆಸೇಜು ಬಂದಾಗ ನಾನು
ಗಿಳಿಹಸಿರು ಸೀರೆಯೊಂದರ ಸೆರಗಿಗೆ
ಅರವತ್ತೊಂದನೇ ಕುಚ್ಚು ಕಟ್ಟುತ್ತಿದ್ದೆ.
ಸುಲ್ತಾನ್‌ಪೇಟೆ, ನಿಲುಗಡೆ ನಿಷೇಧ, ಸಾವಿರ ರೂಪಾಯಿ.
ಸಾವಿರ ಅಂದರೆ ನನ್ನ ಲೆಕ್ಕದಲ್ಲಿ ನಾಲ್ಕು ಸೀರೆ,
ಮಣಿ ಹಾಕಿದ್ದಾದರೆ ಎರಡೂವರೆ.

ಆ ಹೊತ್ತಿಗೆ ನನ್ನ ಗಾಡಿ
ಇಲಿಯಾಸಣ್ಣನ ಶೆಡ್ಡಿನಲ್ಲಿ
ಹೊಟ್ಟೆ ಬಿಚ್ಚಿಕೊಂಡು ಬಿದ್ದಿತ್ತು.
ಕಾರ್ಬುರೇಟರು ಬಟ್ಟಲೊಂದರಲ್ಲಿ ನೆನೆಯುತ್ತಿತ್ತು,
ಮುಂದಿನ ಚಕ್ರ ಗೋಡೆಗೊರಗಿ
ನನ್ನನ್ನೇ ನೋಡುತ್ತಿತ್ತು.
ಅದನ್ನು ಬಿಟ್ಟು ಒಂಟಿ ಚಕ್ರದಲ್ಲಿ
ಸುಲ್ತಾನ್‌ಪೇಟೆಗೆ ಹೋಯಿತೇ ಗಾಡಿ?

ಠಾಣೆಯಲ್ಲಿ ಫೋಟೋ ತೋರಿಸಿದರು.
ನನ್ನದೇ ಕಂಪನಿ, ನನ್ನದೇ ಬೂದು ಬಣ್ಣ,
ಕೊನೆಯ ಅಂಕಿ ಮಾತ್ರ ಎಂಟು.
"ಸಾರ್, ಇದು ಎಂಟು."
"ಮೂರೇ ಅಮ್ಮ, ಸರಿಯಾಗಿ ನೋಡಿ."
"ಎಡಗಡೆ ಮುಚ್ಚಿದೆ ಸಾರ್."
"ಕೊಳೆ ಕೂತಿರುತ್ತೆ."
ಕೊಳೆ ಅಷ್ಟು ದುಂಡಗೆ ಕೂರುತ್ತದೆಯೇ,
ಚುಕ್ಕಿ ಬಳಸಿ ರಂಗೋಲಿ ಎಳೆದ ಹಾಗೆ?
ಕನ್ನಡದ ಅಂಕಿಯಾಗಿದ್ದರೆ
ಮೂರಕ್ಕೂ ಎಂಟಕ್ಕೂ ಯಾವ ನಂಟೂ ಇಲ್ಲ.
ಹಾಗೆ ಬರೆಸಿದರೆ ಅದಕ್ಕೆ ಬೇರೆ ದಂಡವಂತೆ.

ಅಲ್ಲಿಂದ ಇನ್ನೊಂದು ಕಚೇರಿ.
ಅಲ್ಲಿ ಊಟದ ಹೊತ್ತು.
ಊಟ ಮುಗಿದರೆ ಸರ್ವರ್ ಮಲಗಿತ್ತು,
ಸರ್ವರ್ ಎದ್ದ ದಿನ ಎರಡನೇ ಶನಿವಾರ.
ಬೆಂಚಿನ ಮೇಲೆ ಕೂತು ಒಂದು ಸೀರೆಯ ಅರ್ಧ ಸೆರಗು ಮುಗಿಸಿದೆ.
ನನ್ನ ಪಕ್ಕದಲ್ಲೊಬ್ಬ ಮುದುಕರು, ಮಾರಿ ಆರು ವರ್ಷವಾದ ಕಾರಿಗೆ
ಇನ್ನೂ ದಂಡ ಕಟ್ಟುತ್ತಿದ್ದವರು,
"ಕೆಂಪು ಎಳೆ ಒಂದು ಜಾಸ್ತಿ ಆಯ್ತಲ್ಲಮ್ಮ" ಅಂದರು.
ಹೌದು, ಆಗಿತ್ತು.
ಸೂಜಿಯ ಮೊನೆಯಿಂದ ಮೆಲ್ಲಗೆ ಬಿಡಿಸಿದೆ.
ಗಂಟೆಂದರೆ ಎಲ್ಲಾದರೂ ಒಂದು ಸಂದು ಇರಬೇಕು.

"ಆವತ್ತು ನಿಮ್ಮ ಗಾಡಿ ಅಲ್ಲಿರಲಿಲ್ಲ ಅನ್ನೋದಕ್ಕೆ
ದಾಖಲೆ ಏನಿದೆ?"
ಇದ್ದದ್ದಕ್ಕೆ ಚಿತ್ರವುಂಟು, ವೇಳೆಯುಂಟು, ಮೊಹರುಂಟು;
ಇಲ್ಲದ್ದಕ್ಕೆ ಯಾರು ಕೊಡುತ್ತಾರೆ ರಸೀದಿ?
ಕೊಟ್ಟ, ಇಲಿಯಾಸಣ್ಣ ಕೊಟ್ಟ,
ಕ್ಯಾಲೆಂಡರಿನ ಹಳೇ ಹಾಳೆಯ ಬೆನ್ನಿಗೆ ಬರೆದು,
ಹೆಬ್ಬೆರಳಿನ ಗ್ರೀಸಿನ ಸಮೇತ.
ಗುಮಾಸ್ತರು ಎರಡೇ ಬೆರಳಲ್ಲಿ ಹಿಡಿದು
ಬೆಳಕಿಗೆ ಎತ್ತಿ ನೋಡಿ
"ಜಿಎಸ್‌ಟಿ ನಂಬರ್ ಇಲ್ವಲ್ಲ" ಅಂದರು.

ಅಷ್ಟರಲ್ಲಿ ಎರಡನೆಯದು ಬಂತು. ಮೂರನೆಯದೂ.
ಮಾಮೂಲ್‌ಪೇಟೆ, ಕಿಲಾರಿ ರಸ್ತೆ.
ನಾನು ಕಾಲಿಡದ ಬೀದಿಗಳಲ್ಲೆಲ್ಲ
ನನ್ನ ಹೆಸರಿನ ಸಾಲ ಬೆಳೆಯಿತು.
"ಕಟ್ಟಿ ಬಿಸಾಕೇ, ಅರ್ಧಕ್ಕರ್ಧ ರಿಯಾಯಿತಿ ಬಿಟ್ಟಿದಾರೆ"
ಅಂದಳು ಎದುರುಮನೆ ತಿಲೋತ್ತಮೆ.
ಮಾಡದ ತಪ್ಪಿನ ಅರ್ಧ ಎಷ್ಟು?
ಸೊನ್ನೆಯ ಅರ್ಧ ಸೊನ್ನೆ ಅಂತ
ಐದನೇ ಕ್ಲಾಸಲ್ಲಿ ಬೆತ್ತ ಹಿಡಿದು ಕಲಿಸಿದ್ದರಲ್ಲ.

ಮೊನ್ನೆ ಹದಿನೇಳನೇ ತಾರೀಕು, ಬೆಸ ದಿನ.
ಬಳೇಪೇಟೆಯಲ್ಲಿ ಆರು ಸೀರೆ ಕೊಟ್ಟು ಬರುವಾಗ
ಕಂಡಿತು: ಬೂದು ಬಣ್ಣ, ಕೊನೆಗೆ ಎಂಟು,
ನೀಟಾದ, ಕೊಳೆಯಿಲ್ಲದ, ತುಂಬು ಗರ್ಭದ ಎಂಟು.
ಸಮ ದಿನದ ಬದಿಯಲ್ಲಿ ನಿಂತಿದೆ,
ಹ್ಯಾಂಡಲ್ಲಿಗೆ ಕರಿಬೇವಿನ ಕಟ್ಟು ತೂಗುಬಿಟ್ಟುಕೊಂಡು,
ಊರಿಗೇ ಬಾಡಿಗೆ ಕಟ್ಟಿದ ಹಾಗೆ.
ಮೂರು ತಿಂಗಳು ಗಂಟಲಲ್ಲಿ ಕಟ್ಟಿಟ್ಟಿದ್ದ ಬೈಗುಳ
ಒಂದೂ ನೆನಪಾಗಲಿಲ್ಲ.
ಯಾಕೆಂದರೆ ಆಚೆ ತಿರುವಿನಲ್ಲಿ
ಫೋನು ಎತ್ತಿ ಹಿಡಿದು, ಒಂದೊಂದೇ ಗಾಡಿಗೆ ಕ್ಲಿಕ್ಕಿಸುತ್ತ
ಬರುತ್ತಿದ್ದರು ಪೊಲೀಸಪ್ಪ.

ಹ್ಯಾಂಡಲ್ ಲಾಕ್ ಹಾಕಿರಲಿಲ್ಲ ಪುಣ್ಯಾತ್ಮ.
ಸ್ಟ್ಯಾಂಡ್ ಒದ್ದೆ. ತಳ್ಳಿದೆ.
ಆಟೋದವನು ಬೈದ, ಬಾಳೆಎಲೆಯವಳು ದಾರಿ ಬಿಟ್ಟಳು,
ಬೆವರು ಕಣ್ಣಿಗಿಳಿಯಿತು.
ಆಚೆ ಬದಿಗೆ ತಂದು ನಿಲ್ಲಿಸಿ ಉಸಿರೆಳೆಯುವಷ್ಟರಲ್ಲಿ
ಅಂಗಡಿಯೊಳಗಿಂದ ಓಡಿಬಂದ ಒಬ್ಬ,
"ಏಯ್, ಯಾರ ಗಾಡಿ ತಳ್ತಿದೀಯಮ್ಮ?"

"ನಂದೇ," ಅಂದೆ.
"ಬೇಕಾದ್ರೆ ಠಾಣೇಲಿ ಕೇಳು."