ನೆಲಮಾಳಿಗೆಯ ಆವೃತ್ತಿ

ಬ್ಯೂನಸ್ ಐರಿಸ್. ಸಮಾಜ ವಿಜ್ಞಾನಗಳ ಕಟ್ಟಡ.
ಮೆಟ್ಟಿಲ ಕೆಳಗಿನ ಸಂದಿಯಲ್ಲಿ ನಾನು, ನನ್ನ ಜೆರಾಕ್ಸ್ ಯಂತ್ರ.
ಹತ್ತೊಂಬತ್ತು ವರ್ಷವಾಯಿತು.
ಗಾಜಿನ ಕೆಳಗೆ ಬೆಳಕು ಎಡದಿಂದ ಬಲಕ್ಕೆ ಹೋಗುತ್ತದೆ, ಬರುತ್ತದೆ,
ಅದಕ್ಕಿಂತ ದೂರ ನಾನೂ ಹೋದವನಲ್ಲ.

ಇಲ್ಲಿ ಓದಲು ಶುಲ್ಕವಿಲ್ಲ. ಕೂರಲು ಕುರ್ಚಿಯೂ ಇಲ್ಲ.
ಸಂಜೆ ಏಳರ ತರಗತಿಗೆ ಮುನ್ನೂರು ಜನ;
ಕಿಟಕಿಕಟ್ಟೆಯ ಮೇಲೆ ಹನ್ನೆರಡು, ಮಿಕ್ಕವರು ನೆಲಕ್ಕೆ,
ಬಾಗಿಲಾಚೆ ನಿಂತವರಿಗೆ ಮೇಷ್ಟ್ರೆಂದರೆ ಬರೀ ದನಿ.
ಬಸ್ ಚಾಲಕ ಸಮವಸ್ತ್ರದಲ್ಲೇ ಬರುತ್ತಾನೆ.
ರಾತ್ರಿಪಾಳಿಯ ದಾದಿ ತೂಕಡಿಸುತ್ತಲೇ ಟಿಪ್ಪಣಿ ಬರೆದುಕೊಳ್ಳುತ್ತಾಳೆ,
ಅಕ್ಷರಗಳು ಮಂಚದಿಂದ ಜಾರಿದ ಹೊದಿಕೆಯಂತೆ
ಗೆರೆಯಿಂದ ಕೆಳಗಿಳಿಯುತ್ತವೆ.
ಕಹಿ ಕಷಾಯದ ಸೋರೆಬುರುಡೆ ಕೈಯಿಂದ ಕೈಗೆ ದಾಟುತ್ತದೆ,
ಯಾರ ಎಂಜಲು ಯಾರಿಗೆಂದು ಯಾರೂ ಕೇಳುವುದಿಲ್ಲ.

ಪುಸ್ತಕ ಕೊಳ್ಳುವ ತಾಕತ್ತು ಯಾರಿಗಿದೆ?
ಗ್ರಂಥಾಲಯದ ಒಂದೇ ಪ್ರತಿಯನ್ನು ತಂದು
ನನ್ನ ಗಾಜಿನ ಮೇಲೆ ಬೋರಲು ಮಲಗಿಸುತ್ತಾರೆ.
ಪುಟಕ್ಕೆ ಇಷ್ಟು ಪೆಸೊ, ಪಿನ್ನು ಬಿಟ್ಟಿ.
ಬೆಲೆಯನ್ನು ಹಲಗೆಯ ಮೇಲೆ ಅಳಿಸಿ ಅಳಿಸಿ ಬರೆಯುತ್ತೇನೆ:
ಹಣದುಬ್ಬರದ ಪಾಠಕ್ಕೆ
ಅವರು ಮೂರನೇ ಮಹಡಿ ಹತ್ತಬೇಕಾಗಿಲ್ಲ.

ಅದೊಂದು ಮುಷ್ಕರದ ವರ್ಷ, ಗಾಜಿನ ಅಂಚು ಒಡೆಯಿತು.
ಕಂದು ಟೇಪು ಅಂಟಿಸಿದೆ.
ಅಂದಿನಿಂದ ಪ್ರತಿ ಪುಟದ ಕೊನೆಯ ಸಾಲು ಟೇಪಿನಡಿ ಕತ್ತಲು.
ಯಾರೂ ದೂರಲಿಲ್ಲ.
ಬಹುಶಃ ಅಷ್ಟು ಕೆಳಗಿನವರೆಗೆ ಯಾರೂ ಓದಿರಲಿಲ್ಲ.

ಎದೆಲ್ಮೀರಾ ಚೋಕೆ ಓದಿದ್ದಳು.
ಬೊಲಿವಿಯಾ ಕಡೆಯ ಅಮ್ಮನ ಮಗಳು, ಗಾರ್ಮೆಂಟಿನಲ್ಲಿ
ದಿನಕ್ಕೆ ನಾನೂರು ಜೇಬು ಹೊಲಿಯುವವಳು,
ತೋಳಿಗೆ ಯಾವಾಗಲೂ ಯಾವುದೋ ಬಣ್ಣದ ನೂಲು.
“ದೋನ್ ಅನಾಕ್ಲೆತೋ, ಕೊನೆ ಸಾಲೆಲ್ಲ
ನುಂಗಿ ನೀರು ಕುಡಿದಿರಲ್ಲ!” ಅಂದಳು.
ನನಗೆ ನಾಲಿಗೆ ಒಣಗಿತು.
ಅವಳು ಹಾಳೆ ಬಿಡಿಸಿ ತೋರಿಸಿದಳು, ಪ್ರತಿ ಪುಟದ ತಳದಲ್ಲಿ
ಪೆನ್ಸಿಲಿನ ಒಂದೊಂದು ಸಾಲು.
“ತುದಿ ಹೊಲಿಯದ ಬಟ್ಟೆ ನನ್ನ ಕೈ ದಾಟುವುದಿಲ್ಲ.
ಅದಕ್ಕೇ ನಾನೇ ಬರೆದುಕೊಂಡೆ.”

ನಲವತ್ತೊಂದನೇ ಪುಟ. ಅಚ್ಚಿನಲ್ಲಿ:
ದುಡಿಯುವವರ ಸಮಯವನ್ನು ಕೊಳ್ಳುವಾತ
ಪೆನ್ಸಿಲಿನಲ್ಲಿ:
ಅವರ ಮಗುವಿನ ಜ್ವರವನ್ನು ಮಾತ್ರ ಅಂಗಡಿಯಲ್ಲೇ ಬಿಟ್ಟು ಹೋಗುತ್ತಾನೆ.
ಐವತ್ತಾರನೇ ಪುಟ. ಅಚ್ಚಿನಲ್ಲಿ:
ಈ ವರ್ಗದ ಮನೆಗಳಲ್ಲಿ ಸರಾಸರಿ
ಪೆನ್ಸಿಲಿನಲ್ಲಿ:
ನಾಲ್ಕೂವರೆ ಜನ. ಆ ಅರ್ಧ ನಾನು.

ಡಿಸೆಂಬರಿನ ಧಗೆಯಲ್ಲಿ ಮೌಖಿಕ ಪರೀಕ್ಷೆ.
ಇಡೀ ವರ್ಷ ಗೋಡೆಯಾಚೆ ಕೇಳಿದ ದನಿಗೆ
ಅವತ್ತೇ ಮೊದಲು ಮುಖ ಕಂಡಳಂತೆ,
“ಅಷ್ಟು ದೊಡ್ಡ ದನಿಗೆ ಎಷ್ಟು ಸಣ್ಣ ಕಿವಿ” ಎಂದು ನಕ್ಕಳು.
ಮೇಷ್ಟ್ರು ಕೇಳಿದ್ದು ಅದೇ ನಲವತ್ತೊಂದು.
ಇವಳು ತನ್ನ ಸಾಲನ್ನೂ ಸೇರಿಸಿ ಒಂದೇ ಉಸಿರಿಗೆ ಹೇಳಿದಳು.
ಅವರು ಕನ್ನಡಕ ತೆಗೆದರು. ಒರೆಸಿದರು. ಮತ್ತೆ ಹಾಕಿಕೊಂಡರು.
“ಯಾವ ಆವೃತ್ತಿ ಓದಿದ್ದು, ತಾಯಿ?”
“ನೆಲಮಾಳಿಗೆಯದು, ಸರ್.”
ಹತ್ತಕ್ಕೆ ಏಳು.
ಮೂರು ಯಾತಕ್ಕೆ ಹೋಯಿತೆಂದು ಅವಳೂ ಕೇಳಲಿಲ್ಲ, ಅವರೂ ಹೇಳಲಿಲ್ಲ.

ಆ ರಾತ್ರಿ ಶಟರು ಎಳೆದ ಮೇಲೆ
ಟೇಪಿನ ಒಂದು ಮೂಲೆ ಕಿತ್ತೆ.
ಪುಸ್ತಕ ಇನ್ನೂ ಇಲ್ಲೇ ಇತ್ತು, ನಲವತ್ತೊಂದು ತೆರೆದೆ.
ಆ ಸಾಲನ್ನು ಎರಡು ಸಲ ಓದಿದೆ. ತಪ್ಪೇನಿಲ್ಲ, ಒಳ್ಳೆಯ ಸಾಲೇ.
ಜ್ವರ ಇರಲಿಲ್ಲ, ಅಷ್ಟೆ.

ಮಾರ್ಚಿಯಲ್ಲಿ ಹೊಸಬರು ಬಂದರು. ಬೆಲೆ ಅಳಿಸಿ ಬರೆದೆ.
ಹೊಸ ಗಾಜಿಗೆ ವಿದ್ಯಾರ್ಥಿ ಸಂಘದವರು ದುಡ್ಡು ಮಂಜೂರು ಮಾಡಿದ್ದಾರಂತೆ,
ಇನ್ನೂ ಕೈಗೆ ಬಂದಿಲ್ಲ.
ಕೇಳಲು ನಾನೂ ಹೋಗಿಲ್ಲ.